ನಾಲಿಗೆ ಕೊಯ್ಯುವವನು

ಮಾರ್ಚ್ ತಿಂಗಳು. ಲೊಫೊಟೆನ್ ದ್ವೀಪಗಳಲ್ಲಿ
ಕಾಡ್ ಮೀನಿನ ಸುಗ್ಗಿ.
ಶಾಲೆ ಬಿಟ್ಟದ್ದೇ ತಡ, ಮಕ್ಕಳು ಪುಸ್ತಕದ ಚೀಲ ಎಸೆದು
ರಬ್ಬರಿನ ಏಪ್ರನ್ ತೊಟ್ಟು
ಮೀನಿನ ಷೆಡ್ಡಿಗೆ ಓಡುತ್ತಾರೆ.
ದೊಡ್ಡವರು ತಲೆ ಕಡಿದು ತೊಟ್ಟಿಗೆ ಎಸೆದರೆ
ನಾಲಿಗೆಯ ಪಾಲು ಮಕ್ಕಳದು.
ನನ್ನಜ್ಜನ ಕಾಲದ ಲೆಕ್ಕ ಇದು;
ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿಲ್ಲ.

ಹಲಗೆಯ ಮೇಲೊಂದು ಕಬ್ಬಿಣದ ಮೊಳೆ, ಮೊನೆ ಆಕಾಶಕ್ಕೆ.
ತಲೆಯನ್ನು ಅದಕ್ಕೆ ಸಿಕ್ಕಿಸಬೇಕು,
ಗದ್ದದಡಿ ಚೂರಿ ಇಳಿಸಬೇಕು,
ಒಂದೇ ಎಳೆತ. ಎರಡಾದರೆ ಮಾಲು ಹಾಳು.

ನನ್ನ ಮಗ ಆಸ್ಲಾಕ್‌ಗೆ ಹನ್ನೊಂದು ತುಂಬಿದೆ.
ಉಗ್ಗುತ್ತಾನೆ.
ಮೊದಲ ಅಕ್ಷರ ಹೊಸಿಲ ಮೇಲೇ ನಿಂತು
ತನ್ನ ಹಿಂದಿನವರನ್ನೆಲ್ಲ ತಡೆಯುತ್ತದೆ.
ಅವನ ಮಾತುಗಳನ್ನು ಇಷ್ಟು ದಿನ
ನಾನೇ ಮುಗಿಸಿಕೊಟ್ಟಿದ್ದೇನೆ:
ನೀ... ಅಂದರೆ ನೀರು, ಹ... ಅಂದರೆ ಹಸಿವು.
ತಪ್ಪು ಊಹಿಸಿದರೂ ತಲೆಯಾಡಿಸುತ್ತಿದ್ದ,
ಹಸಿವಿಲ್ಲದೆಯೇ ಎಷ್ಟು ಸಲ ಉಂಡನೋ.

'ನಾಲಿಗೆ ಹೊರಳದವನಿಗೆ ನಾಲಿಗೆ ಕೊಯ್ಯೋ ಕೆಲಸ!'
ಪಕ್ಕದ ಮನೆಯ ಗೂರೊ ನಕ್ಕಳು.
ನಾನು ನಗಲಿಲ್ಲ.
(ಆಮೇಲೆ ಅಡುಗೆಮನೆಯಲ್ಲಿ ಸ್ವಲ್ಪ ನಕ್ಕೆ, ಸುಳ್ಳೇಕೆ.)

ಮೊದಲ ದಿನ ಹದಿನಾಲ್ಕು ನಾಲಿಗೆ, ಒಂದು ವಾಂತಿ.
ಎರಡನೆಯ ದಿನ ಹೆಬ್ಬೆರಳು ಕೊಯ್ದುಕೊಂಡ.
ಎಡಗೈಯಲ್ಲಿ ಮೂರೇ ಬೆರಳುಳಿದ ಮುದುಕ ಹಾಲ್ವರ್
ಗಾಯ ನೋಡಲಿಲ್ಲ, ಚೂರಿ ನೋಡಿದ.
'ಮೊಂಡು ಚೂರಿಯೇ ಕೈ ಕೊಯ್ಯೋದು. ಸಾಣೆ ಹಿಡಿ.'
ಜೇಬಿಂದ ತನ್ನ ಕಲ್ಲು ತೆಗೆದುಕೊಟ್ಟ:
'ಸಾಲ. ಏಪ್ರಿಲ್ಲಿಗೆ ವಾಪಸ್ಸು.'

ಮೂರನೆಯ ದಿನ ಹೋಗಲಿಲ್ಲ. ಹೊದಿಕೆಯೊಳಗೆ, ಗೋಡೆಗೆ ಮುಖ.
ಕೇಳದೆ ಸುಮ್ಮನಿರುವುದು ನನಗೆ ಒಲಿಯದ ವಿದ್ಯೆ.
ಒರೆಸಿದ ನೆಲವನ್ನೇ ಇನ್ನೊಮ್ಮೆ ಒರೆಸಿದೆ.

ನಾಲ್ಕನೆಯ ದಿನ
ಗೂಟದಲ್ಲಿ ಏಪ್ರನ್ ಇರಲಿಲ್ಲ.

ಅಂಗೈ ದಡ್ಡುಗಟ್ಟಿತು. ತರಗತಿಯಲ್ಲಿ
ಪಕ್ಕದ ಹುಡುಗಿ ಮೂಗು ಮುಚ್ಚಿ ಬೆಂಚು ಬದಲಿಸಿದಳಂತೆ.
ಅವನು ಹೇಳಲಿಲ್ಲ, ಅವಳ ತಾಯಿ ಹೇಳಿದರು.
ಷೆಡ್ಡಿನ ತಗಡಿನ ಮೇಲೆ ಕಡಲಹಕ್ಕಿಗಳ ರಂಪ,
ಒಳಗೆ ಟಪ್, ಟಪ್, ಬಕೆಟ್ಟಿಗೆ ಬೀಳುವ
ಮಾತಿಲ್ಲದ ನಾಲಿಗೆಗಳು.
ಕೊಯ್ಯುವಾಗ ಅವನ ತುಟಿ ಅಲುಗುತ್ತಿತ್ತು;
ಎಣಿಸುತ್ತಿದ್ದನೋ, ಬಯ್ಯುತ್ತಿದ್ದನೋ.

ತಿಂಗಳ ಕೊನೆಗೆ ಹನ್ನೆರಡು ಕಿಲೋ.
ಸ್ವೊಲ್ವೇರ್ ಪೇಟೆಯ ಹೋಟೆಲಿನ ಹಿಂಬಾಗಿಲು.
ನಾನು ಕಾರಿನಲ್ಲೇ, ಗಾಜು ಇಳಿಸಿ.
'ಕಿಲೋಗೆ ಎಷ್ಟಪ್ಪಾ?' ಅಡುಗೆಯವನು ಅವಸರದ ಮನುಷ್ಯ.
'ನೂ... ನೂ...'
'ನೂರಾ? ಆಯ್ತು, ತಗೋ.' ನೋಟು ಎಣಿಸತೊಡಗಿದ.

ತಲೆಯಾಡಿಸಿದ್ದರೆ ಮುಗಿಯುತ್ತಿತ್ತು.
ಹನ್ನೊಂದು ವರ್ಷ ಮುಗಿದದ್ದೇ ಹಾಗೆ.
ಉಳಿದ ಮಾತು ನನ್ನ ಬಾಯಿಗೆ ಬಂದಿತ್ತು,
ನುಂಗಿದೆ. ಮೀನಿನ ಮುಳ್ಳಿನ ಹಾಗೆ ಇಳಿಯಿತು.

ಆಸ್ಲಾಕ್ ಬಕೆಟ್ಟನ್ನು ಹಿಂದಕ್ಕೆಳೆದು
ಎರಡೂ ಕಾಲ ನಡುವೆ ಇಟ್ಟುಕೊಂಡ.
ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿತು,
ಹಬೆಯಾಡುವ ಬಾಗಿಲಲ್ಲಿ ಯಾವುದೋ ಪಾತ್ರೆ ಉಕ್ಕಿ ಹರಿಯಿತು,
ಅವನು ನಿಲ್ಲಿಸಲಿಲ್ಲ:
'ನೂ... ನೂ... ನೂರ ನಲವತ್ತು.'

ಅಡುಗೆಯವನು ಬಕೆಟ್ಟಿಗೆ ಕೈ ಹಾಕಿ ಒಂದನ್ನೆತ್ತಿ
ಬೆಳಕಿಗೆ ಹಿಡಿದ. ಅಂಚು ನೋಡಿದ.
'ಒಂದೇ ಎಳೆತ' ಅಂದ, ತನಗೆ ತಾನೇ.
ಕೊಟ್ಟದ್ದು ನೂರ ಮೂವತ್ತು.

ದಾರಿಯಲ್ಲಿ ಸೇತುವೆ, ಸುರಂಗ, ಮತ್ತೊಂದು ಸೇತುವೆ.
ಕಾರಿನ ತುಂಬ ಮೀನಿನ ವಾಸನೆ, ಗಾಜು ಇಳಿಸುವಂತಿಲ್ಲ, ಅಷ್ಟು ಚಳಿ.
'ಅಮ್ಮಾ, ನಂಗೆ ಸಾ... ಸಾ...'
ಸಾಕಾಯ್ತು ಅನ್ನುತ್ತಾನೆ, ಪಾಪ.
ಸ್ಟೀರಿಂಗ್ ಬಿಗಿಯಾಗಿ ಹಿಡಿದು ಕಾದೆ.
ಇನ್ನೊಂದು ಸುರಂಗ ಹಾಯಿತು.

'ಸಾಣೆಕಲ್ಲು' ಅಂದ. 'ನಂದೇ ಒಂದು.'