ಸಿಸ್ಟರ್ ದೊಮಿತಿಲ್ಲಾ ಇಸ್ತ್ರಿ ಮಾಡುತ್ತ ಹೇಳಿದ್ದು

ಕೂತುಕೊಳ್ಳಿ. ಅಯ್ಯೋ, ಆ ಕುರ್ಚಿ ಬೇಡ,
ಅದರ ಮೇಲೆ ಅವರ ಕೆಂಪು ನಡುಪಟ್ಟಿ ಹರವಿದ್ದೇನೆ.
ಒಂದು ಹನಿ ನೀರು ಬಿದ್ದರೂ ಕಲೆ ನಿಲ್ಲುವ ರೇಷ್ಮೆ.

ನೀವು ಅವರ ಜೀವನಚರಿತ್ರೆ ಬರೆಯುವವರಂತೆ.
ಒಡೊರಿಕೊ ಮದೊಟ್ಟೊ, ಕಾರ್ಡಿನಲ್,
ನಾಲ್ಕು ದೇಶಗಳಲ್ಲಿ ಪೋಪರ ರಾಯಭಾರಿ.
ಅದೆಲ್ಲ ನಿಮಗೆ ಗೊತ್ತು. ಇದು ಗೊತ್ತೆ?
ಅವರಪ್ಪ ಸಾಣೆ ಹಿಡಿಯುವವನು.
ರೇಸಿಯಾ ಕಣಿವೆಯಿಂದ ಸೈಕಲ್ಲಿಗೆ ಕಲ್ಲು ಕಟ್ಟಿಕೊಂಡು
ವಿಯೆನ್ನಾದವರೆಗೂ ತುಳಿದು
ಕಟುಕರ ಚೂರಿ, ದರ್ಜಿಗಳ ಕತ್ತರಿ,
ಒಮ್ಮೆ ಯಾವನೋ ಕರ್ನಲ್ಲನ ಖಡ್ಗ
ಹರಿತ ಮಾಡಿ ಬಂದವನು.

ಮಗನ ಕಸುಬು ತಿರುಗುಮುರುಗು.
ಐವತ್ತು ವರ್ಷ ಮಾತುಗಳನ್ನು ಮೊಂಡು ಮಾಡಿದರು.
‘ಕೊಲೆ’ ಎಂದು ಬಂದ ಕಾಗದ
ಇವರ ಮೇಜು ದಾಟುವಾಗ ‘ದುಃಖಕರ ಘಟನೆ’;
‘ಇಲ್ಲ’ ಎನ್ನುವುದು ‘ಸೂಕ್ತ ಕಾಲದಲ್ಲಿ’.
ಹಾವೂ ಸಾಯದೆ ಕೋಲೂ ಮುರಿಯದೆ
ಇಡೀ ರಾತ್ರಿ ಕೂತರೆ ಒಂದು ವಾಕ್ಯ.
ಬೆಳಿಗ್ಗೆ ನಾನು ಕಾಫಿ ತಂದಾಗ
ಕಸದ ಬುಟ್ಟಿಯ ತುಂಬ ಹರಿತವಾದ ವಾಕ್ಯಗಳು.
ಅವನ್ನು ಸುಡುವುದೂ ನನ್ನದೇ ಕೆಲಸ.

ಅವರಿಗೊಂದು ಊರೂ ಇತ್ತು.
ರಾಯಭಾರಿಯನ್ನು ಬಿಷಪ್ ಮಾಡುವಾಗ
ಸತ್ತ ಊರೊಂದನ್ನು ಹೆಸರಿಗೆ ಕೊಡುತ್ತಾರೆ.
ಇವರಿಗೆ ಸಿಕ್ಕಿದ್ದು ತಗರ್ಬಾ, ಟುನೀಶಿಯಾದ ಮರಳಿನಡಿ.
ಒಂದು ನರಪಿಳ್ಳೆಯಿಲ್ಲ.
ಭಾನುವಾರ ಅದಕ್ಕಾಗಿಯೇ ಪೂಜೆ ಅರ್ಪಿಸುತ್ತಿದ್ದರು.
‘ನನ್ನ ಜನ ದೂರು ತರುವುದಿಲ್ಲ, ದೊಮಿತಿಲ್ಲಾ’
ಎಂದು ನಗುತ್ತಿದ್ದರು.

ನಗುವುದು ಬಿಟ್ಟಿದ್ದು ಮೂರನೆಯ ದೇಶದಲ್ಲಿ.
ಅದರ ಹೆಸರು ಬೇಡ,
ಅವರ ಮಕ್ಕಳೇ ಈಗಲೂ ಆಳುತ್ತಿದ್ದಾರೆ.
ಸೈನ್ಯ ಹದಿನೆಂಟು ಹುಡುಗರನ್ನು ಹಿಡಿದಿತ್ತು.
ಇವರು ಒಂಬತ್ತು ವಾರ ಜನರಲ್ಲನ ಜೊತೆ ಇಸ್ಪೀಟಾಡಿದರು,
ಬೇಕೆಂದೇ ಸೋತರು.
ಹದಿನೇಳು ಜನ ವಿಮಾನ ಹತ್ತಿದರು.
ಪತ್ರಿಕೆಗಳು ಹೊಗಳಿದವು, ರೋಮಿನಿಂದ ತಂತಿ ಬಂತು.

ಆ ಒಂಬತ್ತು ಗುರುವಾರವೂ ಗೇಟಿನ ಹತ್ತಿರ
ದೋನ್ಯಾ ಎದೆಲ್ಮೀರಾ ನಿಂತಿರುತ್ತಿದ್ದಳು,
ಮಡಿಸಿದ ಒಂದು ಬಿಳಿ ಅಂಗಿ ಹಿಡಿದು.
‘ಬಿಟ್ಟ ದಿನ ಹಾಕಿಕೊಳ್ಳಲಿ. ಒಳಗೆ ಏನು ತೊಟ್ಟಿದ್ದಾನೋ.’
ಇವರೇ ಮೆಟ್ಟಿಲಿಳಿದು ಹೋಗಿ
‘ಸೂಕ್ತ ಕಾಲದಲ್ಲಿ’ ಎನ್ನುತ್ತಿದ್ದರು.
ಅವರಿಗೆ ಗೊತ್ತಿತ್ತು.
ಮೊದಲ ವಾರವೇ ಗೊತ್ತಿತ್ತು.
ಬಾಯಿಬಿಟ್ಟರೆ ಉಳಿದ ಹದಿನೇಳೂ ಹೋಗುತ್ತಿದ್ದವು.

ಹತ್ತನೆಯ ಗುರುವಾರ ಹೇಳಿದರು.
ಒಂದೇ ಮಾತು, ಸಾಣೆ ಹಿಡಿದಂಥದು.
ಆಕೆ ಅಳಲಿಲ್ಲ. ಅಂಗಿಯನ್ನು ಇವರ ಕೈಗಿಟ್ಟಳು:
‘ಹಾಗಾದರೆ ನೀವೇ ಹಾಕಿಕೊಳ್ಳಿ, ಮಾನ್ಸಿಗ್ನೋರ್.’

ಆಮೇಲೆ ಕೆಂಪು ಬಂತು.
ರಕ್ತ ಚೆಲ್ಲಲೂ ಸಿದ್ಧ ಎನ್ನುವುದರ ಗುರುತಂತೆ.
ಆ ರಾತ್ರಿ ಒಗೆಯಲು ಬಂದ ಬಟ್ಟೆಗಳ ಅಡಿಯಲ್ಲಿ
ಆ ಬಿಳಿ ಅಂಗಿ ಸಿಕ್ಕಿತು,
ಬೆವರಿನಲ್ಲಿ ತೊಯ್ದು, ಕಂಕುಳಲ್ಲಿ ಹರಿದು.
ಇಪ್ಪತ್ತರ ಹುಡುಗನ ಅಳತೆ, ಅರವತ್ತೆಂಟರ ಮೈ.
ನಾನು ಕೇಳಲಿಲ್ಲ. ಹೊಲಿದೆ.

ಈಗ ಪೋಪ್ ತೀರಿಕೊಂಡಿದ್ದಾರೆ.
ಮತ ಹಾಕುವವರು ಸಾಲಾಗಿ ಒಳಹೋದರು, ಬಾಗಿಲು ಬಿತ್ತು.
ಇವರಿಗೆ ಎಂಬತ್ತು ದಾಟಿ ಹನ್ನೊಂದು ದಿನ.
ಹೊಗೆ ಯಾವ ಬಣ್ಣದ್ದೆಂದು ಕಿಟಕಿಯಲ್ಲಿ ನಿಂತು
ನೋಡುತ್ತಾರೇನೋ ಅಂದುಕೊಂಡಿದ್ದೆ.
ಇಲ್ಲ. ಅಡುಗೆಮನೆಯಲ್ಲಿದ್ದಾರೆ.
ಕೇಳಿಸುತ್ತಿದೆಯಲ್ಲ ಆ ಸರ್ರ್ ಸದ್ದು?
ಅಪ್ಪನ ಕಲ್ಲು. ನನ್ನ ಚೂರಿಗಳು.
ನಿನ್ನೆ ಈರುಳ್ಳಿ ಕೊಯ್ಯುವಾಗ ಹೆಬ್ಬೆರಳು ಕೊಯ್ದುಕೊಂಡೆ,
ಎಂದೂ ಅಷ್ಟು ಹರಿತವಾಗಿರಲಿಲ್ಲ ಅವು.

ಹೋಗಿ, ಮಾತನಾಡಿಸಿ. ಕಣ್ಣು ಮಂದ,
ಬೆರಳು ಜೋಪಾನ ಅನ್ನಿ.
ನಾನು ಆಮೇಲೆ ಬರುತ್ತೇನೆ,
ಇವತ್ತು ಗುರುವಾರ, ಬಿಳಿಯದು ಇನ್ನೂ ಬಾಕಿ.