ಮಿಕ್ಕಿದ್ದು ನೂರ ಅರವತ್ತೇಳು

ಕರೆಂಟು ಬಿಲ್ಲಿನ ಬೆನ್ನಿಗೆ ಉದ್ದ ಗೆರೆ ಎಳೆದೆ.
ಎಡಕ್ಕೆ ಮನೆ, ಬಲಕ್ಕೆ ಗಾಡಿ.

ಎಡಕ್ಕೆ: ಬಾಡಿಗೆ ಏಳು ಸಾವಿರ,
ಬೆಳಕಿಗೆ ನಾನೂರು, ನೀರಿಗೆ ನೂರೈವತ್ತು.
ಬಲಕ್ಕೆ: ಹರಾಜಿನಲ್ಲಿ ಹಿಡಿದ ಹಳೇ ಆಂಬುಲೆನ್ಸು.
ಒಂದು ಲಕ್ಷದ ಎಂಬತ್ತೈದು ಸಾವಿರವನ್ನು
ಐದು ವರ್ಷಕ್ಕೆ ಹರವಿದರೆ
ತಿಂಗಳಿಗೆ ಮೂರು ಸಾವಿರದ ಎಂಬತ್ಮೂರು;
ಡೀಸೆಲ್ಲು, ವಿಮೆ, ಎಫ್‌ಸಿ ಸೇರಿ ಮೂರು ಸಾವಿರದ ಮುನ್ನೂರು.
"ಐದು ವರ್ಷ ಬಾಳುತ್ತಾ?" ಅಂದೆ.
ಬೆಂಜಮಿನ್ ಟೈರಿಗೆ ಒದ್ದ. ಅದೇ ಉತ್ತರ.

ಅವನದು ಪಲ್ಪರ್ ರಿಪೇರಿ. ಹಣ್ಣು ಕೊಯ್ಯುವ ತಿಂಗಳಲ್ಲಿ
ಸಿದ್ದಾಪುರ, ಚೆಟ್ಟಳ್ಳಿ, ನಾಪೋಕ್ಲು ಅಲೆದು,
ಸುಂಟಿಕೊಪ್ಪದ ಕೊನೇ ಬಸ್ಸು ತಪ್ಪಿ
ಯಾರದೋ ಗೋದಾಮಿನಲ್ಲಿ ಗೋಣಿ ಹೊದೆಯುವವನು.
ಮನೆಯೇ ಜೊತೆಗೆ ಬಂದರೆ ಆಯಿತಲ್ಲ, ಅಂದುಕೊಂಡೆವು.
ಮಗಳ ಶಾಲೆ ಮರೆತಿದ್ದೆವು.
ಗಾಡಿ ಇಲ್ಲೇ ನಿಂತಿದೆ. ಅವನಿಗೆ ಮತ್ತೆ ಗೋಣಿ.

ಅಡ್ವಾನ್ಸಿನಲ್ಲಿ ಬೋಜಮ್ಮ ಆರು ಸಾವಿರ ಹಿಡಿದರು:
ಗೋಡೆಯಲ್ಲಿ ಹನ್ನೊಂದು ಮೊಳೆ ತೂತು.
ತೂತಿಗೆ ಐನೂರ ನಲವತ್ತೈದು.
ಒಂದರಲ್ಲಿ ಯೇಸು ಇದ್ದ, ಒಂದರಲ್ಲಿ ಕೊಡೆ,
ಉಳಿದವನ್ನು ಯಾಕೆ ಹೊಡೆದೆವೋ ನೆನಪಿಲ್ಲ.
ತಗಡಿಗೆ ಮೊಳೆ ನಡೆಯದು.
ಯೇಸು ಈಗ ಆಯಸ್ಕಾಂತದ ಮೇಲೆ.

ಎರಡು ಕೋಟು ಬಣ್ಣ ಬಳಿದರೂ
ಬಾಗಿಲಲ್ಲಿ ಕೆಂಪು ಶಿಲುಬೆಯ ಮಸುಕು ಗುರುತು.
ಮತ್ತಿ ಮೀನು ಕರಿದ ರಾತ್ರಿ
ವಾಸನೆ ನಮ್ಮಿಬ್ಬರ ನಡುವೆ ಮಲಗುತ್ತದೆ.
ಸಿಲಿಂಡರಿನವನು ವಿಳಾಸ ಕೇಳುತ್ತಾನೆ.
ಶಾಲೆಯ ಫಾರಮ್ಮಿನಲ್ಲಿ ಮಗಳು
ಮುತ್ತು ಪೋಣಿಸಿದ ಹಾಗೆ ಬರೆದಿದ್ದಾಳೆ:
ಕೆಎ ಹನ್ನೆರಡು, ಆಮೇಲೆ ನಾಲ್ಕು ಅಂಕಿ.
ಇವು ಯಾವ ಸಾಲಿಗೆ?

ರಸ್ತೆ ಬದಿ ನಿಲ್ಲಿಸಿದರೆ ಪೊಲೀಸು,
ಹಲಸಿನ ಮರದಡಿ ನಿಲ್ಲಿಸಿದರೆ ಆನೆ.
ಮೂರು ರಾತ್ರಿ ಜೀವ ಕೈಯಲ್ಲಿ ಹಿಡಿದು
ನಾಲ್ಕನೇ ದಿನ ಬೋಜಮ್ಮನ ಅಂಗಳಕ್ಕೇ ವಾಪಸು.
ಜಾಗಕ್ಕೆ, ನಲ್ಲಿಗೆ, ಹಿತ್ತಲ ಕಕ್ಕಸಿಗೆ
ತಿಂಗಳಿಗೆ ಒಂದು ಸಾವಿರ.
ಅದನ್ನೂ ಬರೆದು ಕೂಡಿದೆ, ಕಳೆದೆ.
ಮಿಕ್ಕಿದ್ದು ನೂರ ಅರವತ್ತೇಳು.

ನಾವಿದ್ದ ಮನೆಗೆ ಈಗ ಹೋಂಸ್ಟೇ ಬೋರ್ಡು,
ತೂತು ಮುಚ್ಚಿದ ಬಿಳಿ ಗೋಡೆ,
ರಾತ್ರಿಗೆ ಎರಡು ಸಾವಿರದ ಎಂಟುನೂರು.
ನಿನ್ನೆ ಅಲ್ಲಿಂದ ಒಬ್ಬಾಕೆ ಕಾಫಿ ಲೋಟ ಹಿಡಿದು ಬಂದಳು.
ಗಾಡಿಗೆ ಒಂದು ಸುತ್ತು ಹೊಡೆದಳು,
ಕಿಟಕಿಯ ಪರದೆ ಮುಟ್ಟಿ ನೋಡಿದಳು.
"ಎಷ್ಟು ಚೆಂದ ಇದೆ! ಇದಕ್ಕೆ ರಾತ್ರಿಗೆಷ್ಟು?"

ಯೂನಿಫಾರಂ ಹಿಂಡುತ್ತಿದ್ದೆ.
ಬಕೆಟ್ಟಿಗೆ ಹಾಕಿ, ಕೈ ಒರೆಸಿಕೊಂಡು,
ಒಳಗೆ ಹೋಗಿ
ಪೆನ್ಸಿಲು ಹುಡುಕಿದೆ.