ಜಮಾ ಬಾಜೂಕ ಬರೆದ ಹುಡುಗ

ಕ್ಲಬ್ಬಿನ ಕೀರ್ದಿ ನನ್ನ ಕೈಗೆ ಬಂದದ್ದು
ಆಫ್‌ಸೈಡ್ ಅಂದರೇನು ಅಂತ ತಿಳೀತದಂತಲ್ಲ.
ಗಲ್ಲಿಯ ಭಿಶಿ ಹದಿನಾಲ್ಕು ವರ್ಷ ನಡೆಸೇನಿ,
ಒಂದು ರೂಪಾಯಿ ಆಚೀಚೆ ಆಗಿಲ್ಲ, ಅದಕ್ಕ.
ಜರ್ಸಿ ಹೊಲಿಯಾಕಿ ನಾನಽ, ಲೆಕ್ಕ ಇಡಾಕಿನೂ ನಾನಽ.
ಮಷೀನಿನ ಖಾನೆಯೊಳಗ
ದಾರದ ಉಂಡಿ, ಬಾಬಿನ್ನು, ಕ್ಲಬ್ಬಿನ ರಶೀದಿ ಪುಸ್ತಕ.

ಜೂನ್ ತಿಂಗಳ ಶಿಲ್ಕು
ಮೂವತ್ತೊಂದು ಸಾವಿರದ ನಾಲ್ಕುನೂರಾ ಅರವತ್ತು.
ಬರಬೇಕಾದದ್ದು ಬ್ಯಾರೆ.
ಉದ್ಯಮಬಾಗದ ಫೌಂಡ್ರಿ ಸಾಹುಕಾರ
ಹುಡುಗರ ಎದಿಮ್ಯಾಲೆ ತನ್ನ ಹೆಸರು ಹೊಲಿಸಿಕೊಂಡ,
ರೊಕ್ಕ ಕೇಳಿದರ, 'ಪುಣೆದಿಂದ ಆರ್ಡರ್ ಬರಲಿ, ತಡೀರಿ' ಅಂದ.
ಒಂಬತ್ತಕ್ಷರ, ಹದಿನೆಂಟು ಜರ್ಸಿ, ಎಲ್ಲಾ ಕೈಹೊಲಿಗಿ.
ಬಿಚ್ಚಬೇಕಂದರ ಅರಿವೀನಽ ಹರೀತದ.

ಬಸ್ತ್ಯಾಂವ ಮಾಸ್ತರಗ ಸ್ಟ್ರೈಕರ್ ಬೇಕು.
ಮಾಪ್ಸಾದಾಗ ನೋಡಿ ಬಂದಾರಂತ, ಅನಿಸೆಟೊ ಅಂತ ಹೆಸರು,
ತಲಿಲೆ ಹೊಡೆದರ ನೆಟ್ಟು ಹರೀತದಂತ.
ಸೀಸನ್ನಿಗೆ ನಲವತ್ತೈದು ಸಾವಿರ,
ಮ್ಯಾಲೆ ಒಂದು ಖೋಲಿ, ವಾರಕ್ಕ ನಾಲ್ಕು ದಿನ ಮೀನು.
ಮೀನು ಯಾವ ಖಾತೆಗೆ ಬರೀಲಿ, ಮಾಸ್ತರ?
'ಕಚ್ಚಾ ಮಾಲು ಅಂತ ಬರಿ' ಅಂದು ನಕ್ಕರು.

ಅದಽ ವಾರ ಕೊಲ್ಲಾಪುರದವರಿಬ್ಬರು
ಬುಲೆಟ್ ಮ್ಯಾಲೆ ಬಂದು, ಚಹಾ ಕುಡಿದು, ಬಶಿ ಕೆಳಗಿಟ್ಟು ಹೇಳಿದರು:
ನಿಮ್ಮ ಹನ್ನೊಂದನೇ ನಂಬರು, ಆ ಎಡಗಾಲಿನ ಹುಡುಗ,
ಅರವತ್ತು ಸಾವಿರ, ರೋಖ. ಎನ್‌ಓಸಿ ಕೊಡ್ರಿ.

ಮೀನು ಮಾರ್ಕೆಟ್ ಹಿಂದಿನ ಕೇರಂ ಖೋಲಿಯೊಳಗ ಸಭಾ ಕೂಡಿತು.
ಒಂಬತ್ತು ಮಂದಿ, ಏಳು ಕುರ್ಚಿ.
ಒಬ್ಬರು ಹುಡುಗನ ಭವಿಷ್ಯ ಅಂದರು.
ಒಬ್ಬರು ಗ್ರೌಂಡಿನ ಬಾಡಿಗಿ, ಮೂರು ತಿಂಗಳದ್ದು, ಅಂದರು.
ಮುಲ್ಲಾ ಕಾಕಾ ಬೋರ್ಡಿನ ಮ್ಯಾಲಿನ ಪೌಡರ್
ಬಟ್ಟಿಲೆ ಬಳಕೋತ ಕೂತವರು,
'ಇದ್ದ ಹಲ್ಲು ಕೀಳಿಸಿ, ಇಲ್ಲದ ಹಲ್ಲು ಕಟ್ಟಿಸಿಕೊಂಡಾಂಗ ಇದು' ಅಂದರು.
ಯಾರೂ ನಗಲಿಲ್ಲ.
ಮಾವಶಿ, ಲೆಕ್ಕ ಏನು ಹೇಳ್ತದ?
ಲೆಕ್ಕ ಹೂಂ ಅಂತು. ನಾ ಸುಮ್ಮನಿದ್ದೆ.

ಸಿದ್ರಾಯಿ ಸಹಿ ಮಾಡಾಕ ನನ್ನ ಅಂಗಡಿಗೇ ಬಂದ.
ಪೆನ್ನು ನಡೀಲಿಲ್ಲ, ಒದರಿದ, ಊದಿದ, ಕಡೀಕ ನಡೀತು.
'ಮಾವಶಿ, ಅಲ್ಲಿ ಜರ್ಸಿ ರೆಡಿಮೇಡ್ ಅಂತ.'
ಅವನ ಬಲದೋಳು ಅರ್ಧ ಇಂಚು ಗಿಡ್ಡ ಇಡತಿದ್ದೆ,
ಥ್ರೋ ಮಾಡೂ ಮುಂದ ಜಗ್ಗತದಂತಿದ್ದ.
ಅಲ್ಲೀ ಶಿಂಪಿಗೂ ಹೇಳೋ, ಅನ್ನಾಕ ಬಾಯಿ ತೆರೆದೆ.
ರೆಡಿಮೇಡಿಗೆ ಶಿಂಪಿ ಎಲ್ಲಿ.

ರಾತ್ರಿ ಬರೆದೆ. ಜಮಾ: ಅರವತ್ತು ಸಾವಿರ.
ಬಾಬ್ತು ಅನ್ನೂ ಮನಿಯೊಳಗ ಅವನ ಹೆಸರು,
ರದ್ದಿ ಮಾರಿದಾಗ, ತುಕ್ಕು ಹಿಡಿದ ಗೋಲ್ ಕಂಬ
ಗುಜರಿಗೆ ಹಾಕಿದಾಗ ಬರೆದ ಬಾಜೂಕಽ.
ಖರ್ಚು: ಅನಿಸೆಟೊ ನಲವತ್ತೈದು, ಬಾಡಿಗಿ ಹದಿನೈದು.
ಎರಡೂ ಬಾಜೂ ಸರಿಸಮ.
ಇಷ್ಟು ಚೊಕ್ಕ ಪಾನು ನಾ ಹಿಂದೆಂದೂ ಬರೆದಿದ್ದಿಲ್ಲ.

ಅನಿಸೆಟೊ ಬಂದ.
ಮೂವತ್ತಮೂರು ಅಂತಾನ, ಮೊಣಕಾಲು ನಲವತ್ತು ಅಂತದ.
ಹೊಸ ಜರ್ಸಿಗೆ ರೊಕ್ಕ ಇಲ್ಲ, ಹನ್ನೊಂದಽ ಹಾಕ್ಕೋ ಅಂದೆ.
ಮೈಯಾಗ ಇಳೀಲಿಲ್ಲ. ಬಗಲಿನ ಹೊಲಿಗಿ ಬಿಚ್ಚಿದೆ,
ಬಲದೋಳಿನ ಮಡಿಕಿ ಬಿಚ್ಚಿದೆ, ಅರ್ಧ ಇಂಚು ಇಳೀತು.
ಒಳಗಿನ ಅರಿವಿ ಬಿಸಿಲು ಕಂಡಿದ್ದಿಲ್ಲ,
ಥಾನದಿಂದ ಈಗಽ ಕತ್ತರಿಸಿದಾಂಗ ಹಸಿರು,
ಅದರ ಗುಂಟ ಸೂಜಿ ತೂತು, ಸಾಲಾಗಿ.
ಇಸ್ತ್ರಿ ಹೊಡೆದೆ. ನೀರು ಚಿಮುಕಿಸಿ ಮತ್ತ ಹೊಡೆದೆ.
'ದೇವ್ ಬರೆಂ ಕರೂಂ, ಬಾಯಿ' ಅಂದ,
ತೋಳು ತಿರುವಿ ನೋಡಿಕೊಂಡು.

ಆಲ್ಟರೇಶನ್ ಖರ್ಚು ಸೊನ್ನೆ, ಅಂತ ಬರೆದೆ.
ಆಮ್ಯಾಲೆ ನೆನಪಾತು, ದಾರ ನಂದು.
ಹೊಡೆದು ಹಾಕಿ
ಎರಡು ರೂಪಾಯಿ ಅಂತ ಬರೆದೆ.